ಹೆಂಡತಿಯ ಸಹಿ ಕಾಯಲು ಹಡಗು ಹತ್ತಿದೆ

ಕಳೆದ ತಿಂಗಳು, ನಾಲ್ಕೂ ದಿಕ್ಕಿಗೆ ನೀರು ಬಿಟ್ಟರೆ ಬೇರೇನೂ ಕಾಣದ ಜಾಗದಲ್ಲಿ, ನನ್ನ ಹೆಂಡತಿಯ ಚಾಳೀಸನ್ನು ನಾನೇ ಕದ್ದೆ.

ಕದ್ದು ನನ್ನ ಬೂಟಿನೊಳಗೆ ಇಟ್ಟೆ. ಮೇಲೆ ಕಾಲುಚೀಲ ತುರುಕಿದೆ. (ಹಿಂದಿನ ದಿನದ್ದು. ಯಾರೂ ಕೈ ಹಾಕಬಾರದಲ್ಲ!)

ಚಾಳೀಸು ಕದ್ದು ಏನು ಮಾಡ್ತೀಯೋ ಮಾರಾಯ ಅಂತ ನೀವು ಕೇಳಬಹುದು. ಚಾಳೀಸಿಲ್ಲದಿದ್ದರೆ ಗಿರಿಜಾಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ಅಕ್ಷರ ಕಾಣದಿದ್ದರೆ ಅವಳು ಸಹಿ ಮಾಡುವುದಿಲ್ಲ. ಓದದೆ ಎಲ್ಲಿಯೂ ಸಹಿ ಮಾಡಬೇಡ ಅಂತ ಮದುವೆಯಾದ ವರ್ಷವೇ ಕಲಿಸಿದವನು ನಾನು. ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ತಿರುವಿದ ಗುಮಾಸ್ತ ಹೊಸ ಹೆಂಡತಿಗೆ ಇನ್ನೇನು ಕಲಿಸಿಯಾನು?

ಆ ಸಹಿ ಬೇಕಾಗಿದ್ದದ್ದು ನನ್ನ ಷಡ್ಡಕ ವೀರಣ್ಣನಿಗೆ. ಗಿರಿಜಾಳ ಅಕ್ಕ ನೀಲಮ್ಮನ ಗಂಡ. ಹರಪನಹಳ್ಳಿಯಲ್ಲಿ ಪೈಪು, ಮೋಟಾರಿನ ಅಂಗಡಿ. (ನನಗಿಂತ ಐದು ವರ್ಷ ದೊಡ್ಡವನು. ಎದುರಿಗೆ ‘ರೀ’ ಅನ್ನುತ್ತೇನೆ. ಬರೆಯುವಾಗ ಪೆನ್ನು ನನ್ನದು.)

ಅಕ್ಕತಂಗಿಯರ ತವರು ಹಿರೇಹಡಗಲಿ. ತಾಯಿ ಹೋದ ಮೇಲೆ ಮನೆ ಬಿತ್ತು. ಈಗ ಅಲ್ಲಿರುವುದು ಖಾಲಿ ಜಾಗ, ಒಂದು ಒರಳುಕಲ್ಲು, ಒಂದು ನುಗ್ಗೆ ಗಿಡ. ಜಾಗ ಇಬ್ಬರ ಹೆಸರಿನಲ್ಲಿದೆ. ಮಾರಬೇಕೆಂದರೆ ಇಬ್ಬರೂ ಸಹಿ ಹಾಕಬೇಕು. ವೀರಣ್ಣನಿಗೆ ಮಾರುವ ಆಸೆ. ಗಿರಿಜಾ ಒಲ್ಲೆ ಅನ್ನುತ್ತಾಳೆ. “ಆ ನುಗ್ಗಿ ಗಿಡ ನಮ್ಮವ್ವ ಹಚ್ಚಿದ್ದು. ಅದು ಇರೋತನಾ ನನಗ ತವರುಮನಿ ಐತಿ.”

ಒಂಬತ್ತು ವರ್ಷದ ಹಿಂದೆ ಅದೇ ಗಿಡದ ಕೆಳಗೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವನು ನನ್ನನ್ನು ‘ಹೆಂಡ್ತಿ ಸೆರಗಿನ ಗುಮಾಸ್ತ’ ಅಂದ. ನಾನು ಅವನನ್ನು ‘ತೂತು ಪೈಪು’ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಗಂಡಸರು ಹೇಗಾದೇವು?

“ಇನ್ನು ನಿಮ್ಮ ಮನಿ ಹೊಸ್ತಿಲು ತುಳಿದ್ರ ಕೇಳ್ರಿ,” ಅಂದೆ.

“ನಾನೂ ಅಷ್ಟ. ನಿನ್ನ ಹೊಸ್ತಿಲು ತುಳಿಯಂಗಿಲ್ಲ. ನಮ್ಮವ್ವನಾಣಿ!” ಅಂದ.

ನಮ್ಮ ಕಡೆ ಜನ ಕೊಟ್ಟ ಮಾತು ಮರೆತಾರು, ಇಟ್ಟ ಆಣೆ ಮರೆಯುವುದಿಲ್ಲ. ಒಂಬತ್ತು ವರ್ಷ ನಾನು ಅವನ ಮನೆಗೆ ಹೋಗಲಿಲ್ಲ, ಅವನು ನನ್ನ ಮನೆಗೆ ಬರಲಿಲ್ಲ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿಕೊಂಡರು, ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಭೇಟಿಯಾದರು. ಹಬ್ಬದ ಹೋಳಿಗೆ ಡಬ್ಬಿಯೊಳಗೆ ಕೂತು, ಕಂಡಕ್ಟರನ ಕೈಯಲ್ಲಿ ನಮ್ಮೂರು ಕೊಟ್ಟೂರಿಂದ ಹರಪನಹಳ್ಳಿಗೆ ಹೋಯಿತು, ಬಂತು. ವೀರಣ್ಣನ ಮಗಳು ಸುಮಾ ನಮ್ಮ ಮನೆಯಲ್ಲೇ ಇದ್ದು ಎರಡು ವರ್ಷ ಕಾಲೇಜು ಓದಿದವಳು. ಅವಳೂ ಬರುವುದು ಬಿಟ್ಟಳು. ಅವಳು ಪುಸ್ತಕ ಇಡುತ್ತಿದ್ದ ಗೋಡೆಗೂಡಿನಲ್ಲಿ ಈಗ ನನ್ನ ಬಿಪಿ ಗುಳಿಗೆ ಇವೆ.

ಹೀಗಿರುವಾಗ ಒಂದು ಸಂಜೆ ಗಿರಿಜಾ ಫೋನು ಕೆಳಗಿಟ್ಟು ಅಂದಳು: “ಮಾಮಗ ಪೈಪಿನ ಕಂಪನಿಯವರು ಹಡಗಿನ ಟೂರ್ ಕೊಟ್ಟಾರಂತ. ಎರಡು ಜೋಡಿಗೆ. ನಮ್ಮನ್ನ ಕರದಾರ.”

ನಾನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟೆ.

ನೀವೇ ಹೇಳಿ. ಒಂಬತ್ತು ವರ್ಷ ಮುಖ ನೋಡದ ಮನುಷ್ಯ, ತನ್ನ ಅಂಗಡಿಗೆ ಬಂದ ಗಿರಾಕಿಗೆ ಅರ್ಧ ಕಪ್ಪು ಚಹಾ ತರಿಸುವ ಮನುಷ್ಯ, ಸಮುದ್ರದ ಮೇಲೆ ಮೂರು ದಿನ ಪುಗಸಟ್ಟೆ ಕರೆದುಕೊಂಡು ಹೋಗುತ್ತಾನೆಂದರೆ ಏನರ್ಥ? ನಮ್ಮಜ್ಜಿ ಹೇಳುತ್ತಿದ್ದಳು: “ಕೇಳದ ತುಪ್ಪ ಬಡಿಸಿದ್ರ ಮೊದಲು ಅನ್ನದ ಕೆಳಗ ನೋಡು.” ನಾನು ಅನ್ನದ ಕೆಳಗೆ ನೋಡಿದೆ. ಅಲ್ಲಿ ಹಿರೇಹಡಗಲಿಯ ಜಾಗ ಕಂಡಿತು.

“ನಾ ಒಲ್ಲೆ,” ಅಂದೆ.

“ಬಿಡ್ರಿ. ನಾ ಅಕ್ಕನ ಜೋಡಿ ಹೊಕ್ಕೀನಿ,” ಅಂದಳು.

ಅಂದರೆ? ಇವಳೊಬ್ಬಳೇ, ಪೆನ್ನು ಹಿಡಿದ ವೀರಣ್ಣನ ಜೊತೆ, ಓಡಿಹೋಗಲು ಬಸ್ಸೂ ಇಲ್ಲದ ಸಮುದ್ರದ ಮೇಲೆ! ಮರುದಿನವೇ ಬೂಟು ಪಾಲಿಶ್ ಮಾಡಿಸಿದೆ. ನಾನು ಹೋದದ್ದು ಪ್ರವಾಸಕ್ಕಲ್ಲ. ಕಾವಲಿಗೆ.

ರೈಲು ಬದಲಿಸಿ ಬದಲಿಸಿ ಮುಂಬೈ ಮುಟ್ಟಿದೆವು. ದಾರಿಯುದ್ದಕ್ಕೂ ಅಕ್ಕತಂಗಿಯರು ಒಂದು ಸೀಟಿನಲ್ಲಿ ಕೂತು ಒಂಬತ್ತು ವರ್ಷದ ಮಾತು ಆಡಿ ಮುಗಿಸಲು ನೋಡಿದರು. ನಾವಿಬ್ಬರು ಷಡ್ಡಕರು ಎದುರುಬದುರು ಕಿಟಕಿಯಲ್ಲಿ ಕೂತು ಒಂದೇ ಹೊಲ ನೋಡಿದೆವು. ಅವನು ನನ್ನನ್ನು “ಸಾಹೇಬ್ರ” ಅನ್ನುತ್ತಿದ್ದ. ಮೊದಲು “ತಮ್ಮಾ” ಅನ್ನುತ್ತಿದ್ದವನು. “ಸಾಹೇಬ್ರ, ನೀರು ಬೇಕೇನ್ರಿ?” “ಬ್ಯಾಡ್ರಿ.” ಎರಡು ರಾಜ್ಯದ ರೈಲು ಪ್ರಯಾಣದಲ್ಲಿ ಇಷ್ಟೇ ಮಾತು.

ಹಡಗು ಹತ್ತುವ ಮುಂಚೆ ಚೀಲಗಳನ್ನು ಯಂತ್ರದೊಳಗೆ ಬಿಟ್ಟು ನೋಡುತ್ತಾರೆ. ವೀರಣ್ಣನ ಚೀಲ ಅಲ್ಲೇ ನಿಂತಿತು. ಒಳಗೆ ಏನೋ ಗುಂಡಗಿರುವುದು ಕಂಡಿತಂತೆ. ತೆಗೆದರೆ, ತೆಂಗಿನಕಾಯಿ. ಅದನ್ನು ಅವರು ಅಲ್ಲೇ ಇಟ್ಟುಕೊಂಡರು. ಅದರ ಪಕ್ಕ ಹಳದಿ ಪ್ಲಾಸ್ಟಿಕ್ ಕವರೊಂದಿತ್ತು, ಬಟ್ಟೆ ಅಂಗಡಿಯದು. ಅದಕ್ಕೆ ಸಿಬ್ಬಂದಿ ಕೈ ಹಾಕಿದ್ದೇ ವೀರಣ್ಣ ಅದನ್ನು ಎದೆಗವಚಿಕೊಂಡ. ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಂದ: “ಕಾಗದಪತ್ರ. ಪೇಪರ್, ಪೇಪರ್.”

ಕೇಳಿದಿರಲ್ಲ? ಕಾಗದಪತ್ರ!

ಹಡಗು ಅಂದರೆ ಹಡಗಲ್ಲ ಅದು. ಹಗರಿಬೊಮ್ಮನಹಳ್ಳಿ ಪೇಟೆಯನ್ನು ಎತ್ತಿ ನೀರಿನ ಮೇಲಿಟ್ಟಂತಿತ್ತು, ಧೂಳೊಂದು ಬಿಟ್ಟು. ಒಳಗೆ ಹೋದದ್ದೇ ಎಲ್ಲೆಲ್ಲೂ ಸಹಿ. ಆರೋಗ್ಯ ಚೆನ್ನಾಗಿದೆ ಅಂತ ಸಹಿ. ಕೋಣೆಯ ಕಾರ್ಡು ಪಡೆದಿದ್ದಕ್ಕೆ ಸಹಿ. ಪ್ರತಿ ಕಾಗದವನ್ನೂ ನಾನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು ಓದಿದೆ. ಹಿಂದೆ ಕ್ಯೂ ಬೆಳೆಯಿತು. ಗಿರಿಜಾ ಕಿವಿಯಲ್ಲಿ ಅಂದಳು, “ಇದು ನಿಮ್ಮ ಆಫೀಸಲ್ರಿ.”

(ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮೊಬೈಲಿನಲ್ಲಿ ಹತ್ತು ಪುಟದ ಕರಾರು ಬಂದರೆ ನಾನು ಒಂದಕ್ಷರ ಓದದೆ ‘ಒಪ್ಪಿದ್ದೇನೆ’ ಒತ್ತುತ್ತೇನೆ. ನೀವೂ ಅಷ್ಟೇ, ಸುಮ್ಮನಿರಿ. ಕಂಡು ಕೇಳದ ಕಂಪನಿಗೆ ಮನೆ, ಮುಖ, ಫೋಟೋ ಎಲ್ಲ ಒಪ್ಪಿಸುವ ನಾವು, ಷಡ್ಡಕ ಕೊಟ್ಟ ಬಾಳೆಹಣ್ಣನ್ನು ಮಾತ್ರ ಮೂಸಿ ನೋಡಿ ತಿನ್ನುತ್ತೇವೆ.)

ಆ ಸಂಜೆ ವೀರಣ್ಣ ನಮ್ಮ ಕೋಣೆಯ ಬಾಗಿಲು ತಟ್ಟಿದ. ಗಿರಿಜಾ ತೆಗೆದಳು. “ಒಳಗ ಬರ್ರಿ ಮಾಮ.”

“ಇಲ್ಲವ್ವ, ಇಲ್ಲೇ ಆರಾಮೈತಿ,” ಅಂದ. ಬಾಗಿಲ ಕೆಳಗಿನ ಲೋಹದ ಪಟ್ಟಿಯನ್ನು ಒಮ್ಮೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದ. “ನಾಳೆ ಸಮುದ್ರದ ದಿನ. ಎಲ್ಲೂ ನಿಲ್ಲಂಗಿಲ್ಲಂತ. ಮ್ಯಾಲೆ ಬಯಲಾಗ ಕುಂದ್ರಾನು. ನಾಕು ಮಂದಿ. ಸಾಹೇಬ್ರನ್ನ ಕರ್ಕಂಡು ಬಾರವ್ವ.” ಕೈಯಲ್ಲಿ ಅದೇ ಹಳದಿ ಕವರು.

ಕೋಣೆಯೊಳಗೆ ಕಾಲಿಡಲೂ ಸೊಕ್ಕು. ಆದರೆ ಸಹಿ ಬೇಕು! ಬಯಲಿನಲ್ಲಿ, ಅಕ್ಕನ ಎದುರಿಗೆ, ದಾಕ್ಷಿಣ್ಯಕ್ಕೆ ಸಿಕ್ಕಿಸಿ ಕೇಳುವ ಹಂಚಿಕೆ. ಮರುದಿನ ಬೆಳಿಗ್ಗೆ ಗಿರಿಜಾ ಜಳಕಕ್ಕೆ ಹೋದಾಗ ಚಾಳೀಸು ನನ್ನ ಬೂಟು ಸೇರಿದ್ದು ಹೀಗೆ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಬಂದಿತ್ತು. ಇಂದು ಪೂರ್ತಿ ಸಮುದ್ರದ ಮೇಲೆ, ಆರಾಮವಾಗಿರಿ ಅಂತ ಅದರಲ್ಲಿ ಬರೆದಿತ್ತು. ಕೆಳಗೆ ಆರಾಮವಾಗಿರಲು ಮಾಡಬೇಕಾದ ಇಪ್ಪತ್ತು ಕೆಲಸ!

ಹಡಗಿನ ಮೇಲಿನ ಅಟ್ಟಕ್ಕೆ ಹೋಗಿ ಮೊದಲು ಒಂದು ಪಹರೆ ಸುತ್ತು ಹಾಕಿ ಬಂದೆ. ಮೇಲಿನ ಬಯಲಿನಲ್ಲಿ ಅರ್ಧ ಮಂಚದಂಥ ಉದ್ದ ಕುರ್ಚಿಗಳ ಸಾಲು. ಅಂಚಿನ ಕಂಬಿಬೇಲಿಯ ಹತ್ತಿರದ ನಾಲ್ಕು ಕುರ್ಚಿಗಳ ಮೇಲೆ ನಾಲ್ಕು ಟವೆಲ್ಲು. ಬಸ್ಸಿನ ಕಿಟಕಿಯಿಂದ ಒಳಗೆ ಟವೆಲ್ಲು ಒಗೆದು ಸೀಟು ಹಿಡಿಯುವವರು ನಾವು, ಸಮುದ್ರದ ಮೇಲೂ ಬಿಡುತ್ತೇವೆಯೇ? ಆದರೆ ಅಲ್ಲೊಂದು ಕಾನೂನು: ಅರ್ಧ ತಾಸು ಯಾರೂ ಕೂರದ ಕುರ್ಚಿಯ ಟವೆಲ್ಲನ್ನು ಸಿಬ್ಬಂದಿ ಎತ್ತಿಬಿಡುತ್ತಾರೆ. ಹಾಗಾಗಿ ವೀರಣ್ಣ ಒಂದರಲ್ಲಿ ಸ್ವಲ್ಪ ಹೊತ್ತು ಕೂರುವುದು, ಎದ್ದು ಇನ್ನೊಂದಕ್ಕೆ ಹೋಗುವುದು, ಮತ್ತೆ ಮೂರನೆಯದು. ತೊಂಬತ್ತು ಕಿಲೋ ಮನುಷ್ಯ. ಹೊಸ ಪಂಚೆ, ಇಸ್ತ್ರಿ ಅಂಗಿ. ಹಣೆಗೆ ವಿಭೂತಿ. ಕಂಕುಳಲ್ಲಿ ಹಳದಿ ಕವರು.

ನೋಡುತ್ತಿದ್ದಂತೆ ಅವನು ಬಿಳಿ ಸಮವಸ್ತ್ರದವನೊಬ್ಬನನ್ನು ತಡೆದು ಕೈಸನ್ನೆಯಲ್ಲಿ ಏನೋ ಕೇಳಿದ. ಆತ ಒಂದು ಕಡೆ ಕೈ ತೋರಿಸಿದ. ವೀರಣ್ಣ ಎರಡು ಕುರ್ಚಿಗಳನ್ನು ಆ ಕಡೆಗೆ ಮುಖ ಮಾಡಿ ತಿರುಗಿಸಿದ.

ದಿಕ್ಕು ಕೇಳುತ್ತಿದ್ದಾನೆ! ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ... ಜಾಗದ ಪತ್ರದಲ್ಲಿ ನಾಲ್ಕು ದಿಕ್ಕು ಬರೆಯದೆ ನಡೆಯುತ್ತದೆಯೇ? ಮೂವತ್ತು ವರ್ಷ ಅದನ್ನೇ ಓದಿದವನು ನಾನು.

ಅಂದಿನಿಂದ, ಅಂದರೆ ಆ ಗಳಿಗೆಯಿಂದ, ಗಿರಿಜಾಳನ್ನು ನಾನು ಆ ಬಯಲಿಗೆ ಹೋಗಗೊಡಲಿಲ್ಲ. ಹಾಳೆಯಲ್ಲಿದ್ದ ಎಲ್ಲ ಕಡೆಗೂ ಎಳೆದುಕೊಂಡು ಹೋದೆ. ಅಂಕಿ ಕೂಗುವ ಆಟಕ್ಕೆ ಕೂರಿಸಿದೆ. (ಚಾಳೀಸಿಲ್ಲದೆ ಅವಳಿಗೆ ಅಂಕಿ ಕಾಣಲಿಲ್ಲ. ಪಕ್ಕದ ಗುಜರಾತಿ ಅಜ್ಜಿ ಇವಳ ಚೀಟಿಯನ್ನೂ ಆಡಿ ಗೆದ್ದಳು.) ಡ್ಯಾನ್ಸ್ ಕಲಿಸುವಲ್ಲಿಗೆ ಹೋದೆವು. ಸೀರೆಯಲ್ಲಿ ಗಿರಿಜಾ, ಲುಂಗಿಯಲ್ಲಿ ನಾನು. ಟವೆಲ್ಲಿನಲ್ಲಿ ಆನೆ ಮಾಡುವುದನ್ನು ನೋಡಿದೆವು. ಊಟ ಮಾಡಿದೆವು. ಮತ್ತೆ ಊಟ ಮಾಡಿದೆವು.

“ಚಾಳೀಸು ಎಲ್ಲಿ ಇಟ್ಟೆನೋ ಏನೋ,” ಅಂತ ಅವಳು ಎರಡು ಸಲ ಅಂದಳು. ನಾನು ಎರಡು ಸಲವೂ ಸಮುದ್ರ ನೋಡಿದೆ.

ಮಧ್ಯಾಹ್ನ ನೀಲಮ್ಮ ಊಟದ ಸಾಲಿನಲ್ಲಿ ಸಿಕ್ಕಳು. ತಟ್ಟೆಗೆ ಅನ್ನ ಮೊಸರು ಹಾಕಿಸಿಕೊಂಡು ಮೇಲೆ ಒಯ್ಯುತ್ತಿದ್ದಳು. “ಮುಂಜಾನಿಂದ ಅಲ್ಲೇ ಕುಂತಾರವ್ವ. ಊಟಕ್ಕೂ ಏಳವಲ್ಲರು. ಎದ್ರ ಕುರ್ಚಿ ಹೊಕ್ಕಾವಂತ.” ಗಿರಿಜಾ ನನ್ನ ಮುಖ ನೋಡಿದಳು. ನಾನು ಉಪ್ಪಿನಕಾಯಿ ಹುಡುಕಿದೆ.

ನಾಲ್ಕೂವರೆಯ ಹೊತ್ತಿಗೆ ಜಾದೂ ಆಟದ ಬಾಗಿಲಲ್ಲಿ ಗಿರಿಜಾ ನಿಂತುಬಿಟ್ಟಳು.

“ಏನ್ರಿ ಇದು, ಗಾಣದೆತ್ತು ತಿರುಗಿಸಿದಂಗ ತಿರುಗಿಸಾಕತ್ತೀರಿ? ನಾ ಹಡಗು ಹತ್ತಿದ್ದು ಡ್ಯಾನ್ಸ್ ಕಲಿಯಾಕಲ್ಲ. ಅಕ್ಕನ ಮಗ್ಗಲಿಗೆ ಕುಂದ್ರಾಕ. ನಾ ಮ್ಯಾಲೆ ಹೊಕ್ಕೀನಿ. ನೀವು ಬರ್ರಿ, ಬಿಡ್ರಿ.”

ಅವಳು ಮೆಟ್ಟಿಲು ಹತ್ತಿದಳು. ಕಾವಲುಗಾರ ಹಿಂದೆ ಹತ್ತಿದ.

ಮೇಲೆ ಬಯಲಿಗೆ ಹೋಗುವ ಬಾಗಿಲಿಗೆ ಗೇಣೆತ್ತರದ ಕಬ್ಬಿಣದ ಹೊಸ್ತಿಲಿದೆ. ದಾಟುವಾಗ ಎಡವಿದೆ. ತಲೆ ಎತ್ತಿದರೆ ವೀರಣ್ಣ ಎದ್ದು ನಿಂತಿದ್ದ. ಬಿಸಿಲಿಗೆ ಮುಖ ಕಲ್ಲಂಗಡಿ ಹೋಳಿನಂತಾಗಿತ್ತು. ಇಸ್ತ್ರಿ ಅಂಗಿ ಮುದುಡಿ ಹೋಗಿತ್ತು.

“ಬರ್ರಿ ಸಾಹೇಬ್ರ. ಕುಂದ್ರಿ.”

ಕೂತೆ. ಆ ಕುರ್ಚಿಯಲ್ಲಿ ಕೂತರೆ ತಾನಾಗೇ ಮಲಗಿದಂತಾಗುತ್ತದೆ.

“ಹಂಗಲ್ಲ, ಕಾಲು ಕೆಳಗ ಬಿಡ್ರಿ. ಮಲಗಿದೋರಿಗೆ ಕುಂಕುಮ ಹಚ್ಚಬಾರ್ದು,” ಅಂದಳು ನೀಲಮ್ಮ.

ಕುಂಕುಮ?

ವೀರಣ್ಣ ಹಳದಿ ಕವರು ಬಿಚ್ಚಿದ. ಮೊದಲು ಹೊರಬಂದದ್ದು ಕುಂಕುಮದ ಡಬ್ಬಿ. ಆಮೇಲೆ ಕಾಗದದ ಪೊಟ್ಟಣದಲ್ಲಿ ಅಕ್ಷತೆ. ಬಾಡಿದ ಎಲೆ, ಅಡಿಕೆ. ಕಡೆಗೆ, ಮೂಲೆಗೆ ಅರಿಷಿಣ ಹಚ್ಚಿದ ಒಂದು ಲಗ್ನಪತ್ರಿಕೆ.

“ನಮ್ಮ ಸುಮಾಂದು ಮದುವಿ ಗೊತ್ತಾತು,” ಅಂದ. “ಊರಿಗೆಲ್ಲ ಕೊಟ್ಟು ಮುಗೀತು. ನಿಂದೊಂದು ಉಳಿದಿತ್ತು.”

ಊರಿಗೆಲ್ಲ ಗೊತ್ತಿತ್ತಂತೆ. ನನ್ನ ಮುಂದೆ ಆ ಮನೆಯ ಸುದ್ದಿ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೇ. ಗಿರಿಜಾಗೂ ಗೊತ್ತಿತ್ತು. ಮದುವೆಗೆ ಕರೆಯಬೇಕಾದವರೇ ಕರೆಯಲಿ ಅಂತ ಬಾಯಿ ಮುಚ್ಚಿಕೊಂಡಿದ್ದಳು.

“ಅಲ್ರಿ... ಇದಕ್ಕ ಹಡಗು?” ಅಂದೆ.

“ಮತ್ತೇನು ಮಾಡ್ಲಪ್ಪ? ನಿನ್ನ ಹೊಸ್ತಿಲು ತುಳಿಯಂಗಿಲ್ಲ ಅಂತ ಅವ್ವನ ಮ್ಯಾಲೆ ಆಣಿ ಇಟ್ಟೀನಿ. ನೀನು ನಮ್ಮ ಹೊಸ್ತಿಲಿಗೆ ಬರಂಗಿಲ್ಲ. ಮಗಳ ಮದುವಿಗೆ ಬಸ್ ಸ್ಟ್ಯಾಂಡಿನಾಗ ನಿಂತು ಕುಂಕುಮ ಹಚ್ಚಿ ಕರೀಲೇನು? ಫೋನಿನಾಗ ಅಕ್ಷತಿ ಹಾಕ್ಲೇನು? ಕಂಪನಿಯೋರು ಹಡಗು ಅಂದ್ರು. ಹಡಗಿಗೆ ನಂದು ನಿಂದು ಅಂತ ಹೊಸ್ತಿಲು ಎಲ್ಲಿರ್ತೈತಿ ಅಂದ್ಕಂಡೆ. ಬಂದು ನೋಡಿದ್ರ ಕ್ವಾಣಿಕ್ವಾಣಿಗೂ ಒಂದು ಪಟ್ಟಿ! ಅದಕ್ಕ ಈ ಬಯಲಾಗ ಕುಂತೆ. ಪೂರ್ವ ಯಾವ ಕಡಿ ಅಂತ ಆ ಬಿಳೇ ಅಂಗಿಯವನ್ನ ಕೇಳಿದೆ. ಅಷ್ಟೊತ್ತಿಗೆ ಹಡಗು ತಿರುಗಿತು. ಮತ್ತ ಕೇಳಿದೆ. ನಾಕು ಸಲ ಕುರ್ಚಿ ತಿರುಗಿಸೀನಿ.”

ನೀಲಮ್ಮ ಗಿರಿಜಾಗೆ ಕುಂಕುಮ ಹಚ್ಚಿದಳು. ವೀರಣ್ಣ ನನ್ನ ಹಣೆಗೆ. ಗಾಳಿಗೆ ಅಕ್ಷತೆ ಅರ್ಧ ಅರಬ್ಬೀ ಸಮುದ್ರಕ್ಕೆ ಹೋಯಿತು. ಉಳಿದರ್ಧವನ್ನು ಅವನು ನನ್ನ ಅಂಗೈಗಿಟ್ಟು, ಬೆರಳು ಮಡಿಸಿ, ಮೇಲೆ ತನ್ನ ಕೈ ಮುಚ್ಚಿದ. “ಬರಬೇಕು ತಮ್ಮಾ. ಎರಡು ದಿನ ಮುಂಚೆ ಬರಬೇಕು. ಆ ಹುಡುಗಿ ‘ಚಿಕ್ಕಪ್ಪ ಬರಲಾರದ ಮದುವಿ ಒಲ್ಲೆ’ ಅಂತ ಕುಂತಾಳ.”

ಒಂಬತ್ತು ವರ್ಷದ ಮೇಲೆ ಕೇಳಿದ ‘ತಮ್ಮಾ’. ಸಮುದ್ರದ ಬಿಸಿಲು ಕಣ್ಣಿಗೆ ಭಾಳ ಕೆಟ್ಟದ್ದು, ನೀರು ಬರುತ್ತದೆ.

“ಪತ್ರಿಕಿ ಓದ್ರಿ,” ಅಂದಳು ಗಿರಿಜಾ.

ಓದಿದೆ. ವಧುವಿನ ತಂದೆ ತಾಯಿಯ ಹೆಸರಿನ ಕೆಳಗೆ, ನಿಮ್ಮ ಬರವು ಬಯಸುವವರು ಅಂತ ಇರುತ್ತದಲ್ಲ, ಅಲ್ಲಿ ಮೊಟ್ಟಮೊದಲು ನನ್ನ ಹೆಸರು, ಗಿರಿಜಾಳ ಹೆಸರು. ಚಿಕ್ಕಪ್ಪ, ಚಿಕ್ಕಮ್ಮ, ಕೊಟ್ಟೂರು. ನನ್ನನ್ನು ಕೇಳದೆ, ನಾನು ಬರುತ್ತೇನೋ ಇಲ್ಲವೋ ತಿಳಿಯದೆ ಅಚ್ಚು ಹಾಕಿಸಿದ್ದ.

“ನಾ ಬರಲಿಲ್ಲ ಅಂದಿದ್ರ?”

“ಪತ್ರಿಕಿ ಸುಳ್ಳು ಹೇಳಿದಂಗ ಆಗ್ತಿತ್ತು. ಅಷ್ಟ.”

ಗಿರಿಜಾ ಕೈ ಚಾಚಿದಳು. “ಕೊಡ್ರಿ, ನಾನ ನೋಡ್ತೀನಿ. ಹೋಗಿ ನಿಮ್ಮ ಬೂಟಿನಾಗಿನ ಚಾಳೀಸು ತರ್ರಿ.”

ನಾನು ಮತ್ತೊಂದು ಸಲ ಸಮುದ್ರ ನೋಡಿದೆ.

“ಮುಂಜಾನೆನ ನೋಡೀನಿ. ಎಷ್ಟೊತ್ತು ಇಟ್ಕೊಂತಾರ ನೋಡಾನು ಅಂತ ಬಿಟ್ಟೀನಿ. ಆ ಕಾಲುಚೀಲ ಬ್ಯಾಡ, ಚಾಳೀಸು ಅಷ್ಟ ತರ್ರಿ.”

ಎರಡು ಅಂತಸ್ತು ಇಳಿದು, ತಂದು, ನನ್ನ ಅಂಗಿಯಲ್ಲೇ ಒರೆಸಿ ಕೊಟ್ಟೆ. ಯಾಕೆ ಕದ್ದೆ ಅಂತ ಹೇಳಲೇಬೇಕಾಯಿತು. ಹೇಳಿದೆ. ನೀಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ವೀರಣ್ಣ ಮಾತ್ರ ನಗಲಿಲ್ಲ. ಗಂಟಲು ಸರಿಮಾಡಿಕೊಂಡ.

“ಆ ಜಾಗದ ವಿಚಾರ... ಅದನ್ನ ಮದುವಿ ಮುಗಿದ ಮ್ಯಾಲೆ ಮಾತಾಡಾನು ಅಂತಿದ್ದೆ.”

ನೋಡಿದಿರಾ? ನೋಡಿದಿರಾ! ನಮ್ಮಜ್ಜಿ ಸುಳ್ಳು ಹೇಳಿದವಳಲ್ಲ. ನಾನು ಗಿರಿಜಾಳ ಕಡೆ ಹುಬ್ಬು ಹಾರಿಸಿದೆ.

ಅವಳು ಪತ್ರಿಕೆಯಿಂದ ಕಣ್ಣು ಎತ್ತಲಿಲ್ಲ. “ಮಾತಾಡಾನು ಮಾಮ. ಹತ್ತು ಸಲ ಮಾತಾಡಾನು. ಸಹಿ ಮಾತ್ರ ಮಾಡಂಗಿಲ್ಲ.” ಎಷ್ಟು ತಣ್ಣಗೆ ಅಂದಳೆಂದರೆ, ವೀರಣ್ಣ ಹೂಂ ಅಂದು ಎಲೆಗೆ ಸುಣ್ಣ ಹಚ್ಚತೊಡಗಿದ. ಮೂವತ್ತು ವರ್ಷದ ಅನುಭವದ ಕಾವಲುಗಾರನ ಕೆಲಸ ಅಲ್ಲಿಗೆ ಹೋಯಿತು.

ಹೊತ್ತು ಇಳಿಯಿತು. ಅಕ್ಕತಂಗಿಯರು ಎರಡು ಕುರ್ಚಿಯನ್ನು ಒಂದಕ್ಕೊಂದು ತಾಗಿಸಿ ಕಾಲು ಚಾಚಿದರು. ನಾವಿಬ್ಬರು ಎಲೆ ಅಡಿಕೆ ಅಗಿಯುತ್ತ, ಉಗುಳಲು ಜಾಗವಿಲ್ಲದೆ ನುಂಗುತ್ತ ಕೂತೆವು. ಇಡೀ ದಿನದಲ್ಲಿ ಆರಾಮ ಅಂತ ಸಿಕ್ಕಿದ್ದು ಆ ಒಂದು ತಾಸು. ಅದರಲ್ಲೂ ನಾನು ವೀರಣ್ಣನ ಜೇಬಿನ ಪೆನ್ನಿನ ಮೇಲೆ ಒಂದು ಕಣ್ಣಿಟ್ಟಿದ್ದೆ.

ಗಿರಿಜಾ ಪತ್ರಿಕೆಯನ್ನು ಮೂರನೆಯ ಸಲ ಓದಿ ಮಡಿಸಿದಳು. ಚಾಳೀಸು ತೆಗೆದು ಮೂಸಿ ನೋಡಿ ಮುಖ ಕಿವಿಚಿದಳು. ಆಮೇಲೆ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿ ಕೇಳಿದಳು:

“ಕೊಟ್ಟೂರಿಂದ ಹರಪನಹಳ್ಳಿಗೆ ಒಂದು ತಾಸಿನ ಬಸ್ಸು. ಅಷ್ಟು ದಾರಿಗೆ ನೀವಿಬ್ರೂ ಸಮುದ್ರ ಸುತ್ತಿ ಬರಬೇಕಾತೇನ್ರಿ?”